ಬಾಹ್ಯಾಕಾಶಕ್ಕೆ ಹೋದವರ ರೋಗನಿರೋಧಕ ಶಕ್ತಿಗೆ ಏನಾಗುತ್ತೆ? ತಿಳಿದವರು ದಯವಿಟ್ಟು ಹೇಳಿ

ಆಲೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ಶುಭಾಂಶು ಶುಕ್ಲಾ ಹೋಗಿಬಂದಾಗಿನಿಂದ ನಮ್ಮ ಮಕ್ಕಳಿಗೆ ಬಾಹ್ಯಾಕಾಶದ ಗೀಳು ಹತ್ತಿದೆ. ಮೊನ್ನೆ ಒಂಬತ್ತನೇ ಕ್ಲಾಸಲ್ಲಿ ಕ್ವಾರಂಟೈನ್ ವಿಷಯ ಬಂತು. 2025ರ ಮೇ 25ಕ್ಕೇ ಅವರನ್ನ ಹೊರಗಿನವರಿಂದ ಬೇರೆ ಇಟ್ಟಿದ್ರು, ಉಡಾವಣೆ ಮುಂದಕ್ಕೆ ಹೋಗ್ತಾ ಹೋಗ್ತಾ ಜೂನ್ 25 ಆಯ್ತು ಅಂತ ಹೇಳಿದೆ. ನೆಗಡಿ, ಜ್ವರ ಅಂಟಿಸಿಕೊಂಡು ಹೋಗಬಾರದು ಅಂತ ಹಾಗೆ ಮಾಡ್ತಾರೆ ಅಂದೆ. ಆಗ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದ್ಲು: "ಸಾರ್, ಅಷ್ಟು ದಿನ ಬೇರೆ ಇಟ್ಟು ಕಳಿಸಿದ್ಮೇಲೂ ಅಲ್ಲಿ ಕೆಲವರಿಗೆ ಗುಳ್ಳೆ ಏಳುತ್ತಂತೆ, ಮೈ ಕೆರೆಯುತ್ತಂತೆ. ಅಲ್ಲಿಗೆ ಕಾಯಿಲೆ ಎಲ್ಲಿಂದ ಬರುತ್ತೆ?"

ಮೂಳೆ ಸವೆಯೋದು, ಸ್ನಾಯು ಕರಗೋದು ನನಗೆ ವಿವರಿಸೋಕೆ ಬರುತ್ತೆ. ಇದನ್ನ ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಬೇಕು. ಇಲ್ಲಿ ಡಾಕ್ಟ್ರು, ಲ್ಯಾಬಿನವರು ಇದ್ದೀರಿ, ಸ್ವಲ್ಪ ಬಿಡಿಸಿ ಹೇಳಿ.

ಸಾಲಗಾಮೆ ರಸ್ತೆ

ಎಂ.ಸಿ.ಎಫ್. (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಹತ್ತಿರವೇ ಇರೋದ್ರಿಂದ ಇಂಥ ಪ್ರಶ್ನೆ ಬಂದಾಗೆಲ್ಲ "ಅಲ್ಲಿ ಕೇಳಿ" ಅಂತಾರೆ, ಅದಕ್ಕೆ ಮೊದಲೇ ಹೇಳ್ತೀನಿ. ಹಾಸನದ ಕೇಂದ್ರ 1982ರಿಂದ ನೋಡಿಕೊಳ್ತಿರೋದು 36 ಸಾವಿರ ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನ. ಮನುಷ್ಯರು ಇರೋ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 400 ಕಿ.ಮೀ. ಆಸುಪಾಸಿನಲ್ಲಿದೆ. ಗಗನಯಾತ್ರಿಗಳ ದೇಹದ ತಪಾಸಣೆಯೆಲ್ಲ ಬೆಂಗಳೂರಿನಲ್ಲಿರೋ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯ ಕೆಲಸ. ಡಾಕ್ಟ್ರು ಬರೀಲಿ, ನಾನೂ ಓದೋಕೆ ಕಾಯ್ತಿದ್ದೀನಿ.

ವಾರ್ಡ್ ಡಾಕ್ಟ್ರು, ಹಾಸನ

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಕಾಯಿಲೆ ಹೊರಗಿಂದ ಬರಬೇಕಾಗಿಲ್ಲ, ಅವರ ಮೈಯೊಳಗೇ ಕೂತು ಮೇಲಕ್ಕೆ ಹೋಗುತ್ತೆ.

ಮೊದಲು ಕ್ವಾರಂಟೈನ್ ಹೇಗೆ ಶುರುವಾಯ್ತು ನೋಡಿ. 1968ರಲ್ಲಿ ಅಪೊಲೊ 7 ಹಾರಿದಾಗ ಕಮಾಂಡರ್ ವಾಲಿ ಶಿರಾಗೆ ನೆಗಡಿ ಹಿಡೀತು. ಜೊತೆಯವರಿಗೂ ಆಯ್ತು. ತೂಕವಿಲ್ಲದ ಕಡೆ ಮೂಗು ಸೋರಿ ಹೋಗಲ್ಲ, ಸಿಂಬಳ ಅಲ್ಲೇ ಕಟ್ಟಿಕೊಳ್ಳುತ್ತೆ. ವಾಪಸ್ ಇಳಿಯುವಾಗ ಹೆಲ್ಮೆಟ್ ಹಾಕಿದ್ರೆ ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸಿಕೊಳ್ಳೋಕೆ ಆಗಲ್ಲ ಅಂತ ಮೂವರೂ ಹೆಲ್ಮೆಟ್ ಹಾಕದೆ ಇಳಿದ್ರು. 1969ರಲ್ಲಿ ಅಪೊಲೊ 9ರ ಮೂವರಿಗೂ ನೆಗಡಿ ಅಂತ ಉಡಾವಣೆಯನ್ನೇ ಮೂರು ದಿನ ಮುಂದಕ್ಕೆ ಹಾಕಿದ್ರು. 1970ರಲ್ಲಿ ಅಪೊಲೊ 13ಕ್ಕೆ ಹೋಗಬೇಕಿದ್ದ ಕೆನ್ ಮ್ಯಾಟಿಂಗ್ಲಿಯನ್ನ ರುಬೆಲ್ಲಾ ತಗುಲಿರಬಹುದು ಅನ್ನೋ ಅನುಮಾನದ ಮೇಲೆ ಕೊನೇ ಗಳಿಗೆಯಲ್ಲಿ ಬಿಟ್ಟರು. ಅದೇ ಯಾನದಲ್ಲಿ ಫ್ರೆಡ್ ಹೇಯ್ಸ್‌ಗೆ ಮೂತ್ರದ ಸೋಂಕು ಆಗಿ ಜ್ವರದಲ್ಲೇ ವಾಪಸ್ ಬಂದ್ರು. ಅಪೊಲೊದಲ್ಲಿ ಹೋದ 29 ಜನರಲ್ಲಿ 15 ಮಂದಿಗೆ ಯಾನದ ವೇಳೆಯಲ್ಲೋ ಇಳಿದು ವಾರದೊಳಗೋ ಒಂದಲ್ಲ ಒಂದು ಸೋಂಕು ಆಗಿತ್ತು. ಮೊದಲ ಯಾನಗಳ ಇಂಥ ಅನುಭವದಿಂದ ಅಪೊಲೊ 14ರಿಂದ ಮೂರು ವಾರದ ಪ್ರತ್ಯೇಕವಾಸ ಕಡ್ಡಾಯ ಮಾಡಿದ್ರು. ನೆಗಡಿ ಹಾವಳಿ ನಿಂತುಹೋಯ್ತು.

ಆದರೆ ಒಳಗಿನವು ನಿಲ್ಲಲಿಲ್ಲ. ನಮ್ಮಲ್ಲಿ ಬಹುಪಾಲು ಜನಕ್ಕೆ ಚಿಕ್ಕಂದಿನಲ್ಲಿ ಅಮ್ಮ ಆಗಿರುತ್ತೆ ಅಲ್ವಾ, ಅಂದ್ರೆ ಚಿಕನ್ ಪಾಕ್ಸ್. ವಾಸಿಯಾದ ಮೇಲೆ ಆ ವೈರಸ್ ದೇಹ ಬಿಟ್ಟು ಹೋಗಲ್ಲ. ಬೆನ್ನುಹುರಿ ಪಕ್ಕದ ನರಗಂಟುಗಳಲ್ಲಿ ಸುಮ್ಮನೆ ಇರುತ್ತೆ. ತುಟಿ ಗುಳ್ಳೆಯ ಹರ್ಪಿಸ್ ವೈರಸ್, ಎಪ್‌ಸ್ಟೈನ್-ಬಾರ್ ವೈರಸ್, ಸೈಟೊಮೆಗಲೊ ವೈರಸ್ ಎಲ್ಲ ಇದೇ ಕುಟುಂಬದವು. ಅವು ಏಳದ ಹಾಗೆ ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) ದಿನವೂ ಅದುಮಿ ಇಡುತ್ತವೆ. ಬಾಹ್ಯಾಕಾಶದಲ್ಲಿ ಆ ಹಿಡಿತ ಸಡಿಲ ಆಗುತ್ತೆ. ನಾಸಾದವರು 2019ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ನಾಸಾದ ಹಳೇ ಶಟಲ್ ನೌಕೆಯಲ್ಲಿ ಸ್ವಲ್ಪ ದಿನಕ್ಕೆ ಹೋಗಿಬಂದ 89 ಜನರಲ್ಲಿ 47 ಜನ, ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದ 23 ಜನರಲ್ಲಿ 14 ಜನ ತಮ್ಮ ಎಂಜಲಿನಲ್ಲೋ ಮೂತ್ರದಲ್ಲೋ ಈ ವೈರಸ್‌ಗಳನ್ನ ಹೊರಹಾಕ್ತಿದ್ರು. ರೋಗಲಕ್ಷಣ ಕಂಡಿದ್ದು ಆರೇ ಜನರಲ್ಲಿ. ಉಳಿದವರಿಗೆ ತಮ್ಮೊಳಗೆ ವೈರಸ್ ಎದ್ದಿದೆ ಅನ್ನೋದೇ ಗೊತ್ತಿರಲಿಲ್ಲ.

ಚನ್ನರಾಯಪಟ್ಟಣದ ಸೊಸೆ

ಡಾಕ್ಟ್ರೇ, ಇದನ್ನ ಓದಿ ನನ್ನ ಎದೆ ಧಸಕ್ಕಂತು. ನಮ್ಮ ಮಾವನೋರು ತೀರಿಕೊಂಡ ಸ್ವಲ್ಪ ದಿನಕ್ಕೇ ಅತ್ತೆಗೆ ಸರ್ಪಸುತ್ತು ಆಯ್ತು. ಅವರು ರಾತ್ರಿ ಹೊತ್ತು ಮಲಗ್ತಾನೇ ಇರಲಿಲ್ಲ, ಹಾಲಲ್ಲಿ ಕೂತೇ ಬೆಳಗು ಮಾಡ್ತಿದ್ರು. ಒಂದಿನ ಎಡಪಕ್ಕೆ ಉರೀತಿದೆ ಅಂದ್ರು, ನೋಡಿದ್ರೆ ಏನೂ ಇಲ್ಲ. ಮಾರನೇ ದಿನ ಕೆಂಪಾಯ್ತು. ಆಮೇಲೆ ಪಕ್ಕೆಯಿಂದ ಬೆನ್ನಿನ ತನಕ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆ, ಒಂದೇ ಪಕ್ಕಕ್ಕೆ. ಸೆರಗು ತಾಗಿದ್ರೂ ಕಿರುಚ್ತಿದ್ರು. ಊರಲ್ಲಿ ಕೆಮ್ಮಣ್ಣು ಹಚ್ಚಿ ಅಂದ್ರು, ಹಚ್ಚಿದ್ವಿ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ವಾರ ಕಳೆದಿತ್ತು. ಗುಳ್ಳೆ ಒಣಗಿ ಎಷ್ಟೋ ಕಾಲ ಆದ್ರೂ ನೋವು ಹೋಗಿಲ್ಲ. ಗಗನಯಾತ್ರಿಗಳಿಗೆ ಆಗೋದೂ ನಮ್ಮತ್ತೆಗೆ ಆಗಿದ್ದೂ ಒಂದೇನಾ?

ವಾರ್ಡ್ ಡಾಕ್ಟ್ರು, ಹಾಸನ

ವೈರಸ್ ಅದೇನೇ ಅಮ್ಮ, ಚಿಕನ್ ಪಾಕ್ಸ್‌ದು. ಅದು ಏಳೋಕೆ ಸಿಕ್ಕ ಸಂದರ್ಭವೂ ಬಹಳ ಮಟ್ಟಿಗೆ ಅದೇ. ವಯಸ್ಸಾದಂತೆ ಟಿ ಕಣಗಳ ಹಿಡಿತ ಹೇಗೂ ಕಮ್ಮಿ ಆಗುತ್ತೆ. ಅದರ ಮೇಲೆ ದುಃಖ, ನಿದ್ದೆಗೇಡು ಸೇರಿದ್ರೆ ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಏರಿಳಿತ ತಪ್ಪುತ್ತೆ, ಅದು ಟಿ ಕಣಗಳನ್ನ ಇನ್ನಷ್ಟು ಕುಗ್ಗಿಸುತ್ತೆ. ಗಗನಯಾತ್ರಿಗಳು ಆರೋಗ್ಯವಂತರು, ನಲವತ್ತರ ಆಸುಪಾಸಿನವರು. ಅಂಥವರಲ್ಲೂ ಇದು ಆಗುತ್ತೆ ಅನ್ನೋದ್ರಿಂದಲೇ ವಿಜ್ಞಾನಿಗಳಿಗೆ ಇಷ್ಟು ಕುತೂಹಲ.

ಎಲ್ಲರೂ ಇದೊಂದನ್ನ ನೆನಪಿಟ್ಟುಕೊಳ್ಳಿ. ಒಂದೇ ಪಕ್ಕಕ್ಕೆ ಉರಿ, ಸಾಲುಗುಳ್ಳೆ ಕಂಡರೆ 72 ಗಂಟೆ ಒಳಗೆ ವೈರಸ್ ತಡೆಯೋ ಮಾತ್ರೆ ಶುರುವಾಗಬೇಕು. ತಡವಾದಷ್ಟೂ ಮಾತ್ರೆಯ ಪ್ರಯೋಜನ ಕಮ್ಮಿ. ಮುಖದ ಮೇಲೆ, ಕಣ್ಣಿನ ಹತ್ತಿರ ಆದರೆ ಅದೇ ದಿನ ಹೋಗಿ.

ಲ್ಯಾಬ್ ಅಕ್ಕ, ಅರಸೀಕೆರೆ

ನಾನು ಇಡೀ ದಿನ ರಕ್ತದ ಟ್ಯೂಬ್ ಹಿಡಿಯೋಳು, ನನಗೆ ಹುಚ್ಚು ಹಿಡಿಸಿದ್ದು ಅವರು ಸ್ಯಾಂಪಲ್ ಹೇಗೆ ತೆಗೀತಾರೆ ಅನ್ನೋದು. ಸೀರಮ್ (ರಕ್ತದ ತಿಳಿ) ಆದ್ರೆ ನಿಲ್ದಾಣದಲ್ಲೇ ಯಂತ್ರದಲ್ಲಿ ತಿರುಗಿಸಿ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಇಡಬಹುದು. ಹಾರ್ಮೋನಿಗೆ ಎಂಜಲು ಬೇಕಿದ್ರೆ ಸೋಸುಕಾಗದದ ಪುಟ್ಟ ಪುಸ್ತಕದ ಹಾಳೆಯನ್ನ ಬಾಯಲ್ಲಿ ಒದ್ದೆ ಮಾಡಿ ಒಣಗಿಸಿ ಇಡ್ತಾರೆ. ಆದರೆ ಜೀವಂತ ಬಿಳಿ ರಕ್ತಕಣ ಕೆಲಸ ಮಾಡ್ತಿದೆಯಾ ಅಂತ ನೋಡಬೇಕಾದ್ರೆ ಫ್ರೀಜ್ ಮಾಡುವಂತಿಲ್ಲ! ಹಾಗಾಗಿ ರಷ್ಯಾದ ಸೊಯುಜ್ ನೌಕೆ ನಿಲ್ದಾಣ ಬಿಡೋ ಸ್ವಲ್ಪ ಮುಂಚೆ ರಕ್ತ ತೆಗೆದು, ಇಳಿಯುವವರ ಜೊತೆ ಸಾಧಾರಣ ತಾಪಮಾನದಲ್ಲೇ ಕಳಿಸಿ, ಕಝಾಕಿಸ್ತಾನದ ಬಯಲಿಂದ ವಿಮಾನದಲ್ಲಿ ಹ್ಯೂಸ್ಟನ್ನಿಗೆ ಮುಟ್ಟಿಸ್ತಿದ್ರು. ನಾವು ಇಲ್ಲಿಂದ ಬೆಂಗಳೂರಿಗೆ ಸ್ಯಾಂಪಲ್ ಕಳಿಸುವಾಗ ಟ್ಯೂಬ್ ಒಳಗೆ ರಕ್ತ ಒಡೆದುಹೋದರೆ ಅನ್ನೋ ಚಿಂತೆ ಇರುತ್ತೆ. ಅವರದು ಭೂಮಿಗೆ ಬೀಳುವ ನೌಕೆಯಲ್ಲಿ ಬರೋ ಟ್ಯೂಬ್. ಆ ಲ್ಯಾಬಿನವರಿಗೆ ಕೈಮುಗೀಬೇಕು.

ಹಾಗೆ ನೋಡಿದಾಗ ಕಂಡಿದ್ದು: ಟಿ ಕಣಗಳ ಸಂಖ್ಯೆ ಹೆಚ್ಚುಕಮ್ಮಿ ಸರಿ ಇದೆ, ಕೆಣಕಿದ್ರೆ ಏಳಬೇಕಾದಷ್ಟು ಏಳ್ತಿಲ್ಲ. ಸಿ.ಬಿ.ಸಿ. (ರಕ್ತಕಣಗಳ ಎಣಿಕೆ) ರಿಪೋರ್ಟ್ ನಾರ್ಮಲ್ ಬಂದು, ಕೆಲಸ ಮಾತ್ರ ನಡೀತಿಲ್ಲ ಅಂದ್ರೆ ಹೇಗೆ ಪತ್ತೆ ಹಚ್ಚೋದು ಹೇಳಿ.

ಹೆತ್ತೂರು ಕಾಫಿ

ಅಲ್ಲ, ನನಗೆ ಒಂದು ಗೊಂದಲ. ಶಕ್ತಿ ಕುಗ್ಗುತ್ತೆ ಅಂತೀರಿ. ಆದ್ರೆ ಮೇಷ್ಟ್ರು ಹೇಳಿದ ಹಾಗೆ ಮೈ ಕೆರೆತ, ದದ್ದು, ಅಲರ್ಜಿ ಕೂಡ ಆಗುತ್ತೆ. ಅಲರ್ಜಿ ಅಂದ್ರೆ ಶಕ್ತಿ ಜಾಸ್ತಿ ಆಗಿ ಆಗೋದಲ್ವಾ? ಎರಡೂ ಒಟ್ಟಿಗೆ ಹೇಗೆ? ನಮ್ಮ ತೋಟದಲ್ಲಿ ಕಾವಲಿನವನು ಗೊರಕೆ ಹೊಡೀತಾ ಇದ್ದು, ನಾಯಿ ಮಾತ್ರ ಬೆಳತನಕ ಸುಮ್ಮಸುಮ್ಮನೆ ಬೊಗಳೋ ಹಾಗೆ ಆಯ್ತು.

ವಾರ್ಡ್ ಡಾಕ್ಟ್ರು, ಹಾಸನ

ಕಾಫಿ ಅಣ್ಣ, ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನಿಮ್ಮ ಗೊಂದಲದಲ್ಲೇ ಇಡೀ ವಿಷಯ ಇದೆ.

ಇದನ್ನ ಬರೀ "ರೋಗನಿರೋಧಕ ಶಕ್ತಿ ಕುಗ್ಗುತ್ತೆ" ಅಂತ ಬರೆಯೋದು ನನಗೆ ಸರಿಕಾಣಲ್ಲ. ಪತ್ರಿಕೆಗಳಲ್ಲಿ ಹಾಗೇ ಬರುತ್ತೆ. ಆಗೋದು ಹದ ತಪ್ಪುವುದು. ಗುರಿ ಇಟ್ಟು ಹೊಡೆಯುವ ಟಿ ಕಣ, ಎನ್.ಕೆ. (ನ್ಯಾಚುರಲ್ ಕಿಲ್ಲರ್) ಕಣಗಳು ಮಂಕಾಗುತ್ತವೆ. ಅದೇ ಹೊತ್ತಿಗೆ ಉರಿಯೂತದ ಸಂದೇಶ ಹೊತ್ತು ತಿರುಗುವ ಸೈಟೊಕೈನ್ ಪ್ರೋಟೀನುಗಳು ರಕ್ತದಲ್ಲಿ ಸಣ್ಣಗೆ ಏರಿ ಕೂರುತ್ತವೆ. ನಿಲ್ದಾಣದ 28 ಮಂದಿಯ ರಕ್ತ ನೋಡಿ 2014ರಲ್ಲಿ ಬರೆದ ವರದಿಯಲ್ಲಿ ಟಿ.ಎನ್.ಎಫ್. ಆಲ್ಫಾ, ಐ.ಎಲ್.-8 ಸೇರಿ ಇಂಥ ಹಲವು ಪ್ರೋಟೀನುಗಳು ಯಾನ ಮುಗಿಯೋವರೆಗೂ ಮೇಲೇ ಇದ್ದವು. ಜ್ವರ ಬರುವಷ್ಟಲ್ಲ. ಹೊರಗೆ ಏನೂ ಕಾಣದೆ ಒಳಗೊಳಗೇ ಬೇಯುವಂಥದ್ದು. ಸಕ್ಕರೆ ಕಾಯಿಲೆ, ಬೊಜ್ಜು, ಮುಪ್ಪು ಇರೋರಲ್ಲಿ ನಾನು ದಿನಾ ನೋಡೋದೂ ಇಂಥದ್ದೇ ಸಣ್ಣ ಉರಿ.

ಸ್ಕಾಟ್ ಕೆಲಿ 2015-16ರಲ್ಲಿ 340 ದಿನ ಅಲ್ಲಿದ್ದರು. ಅವರ ಅವಳಿ ಸೋದರ ಮಾರ್ಕ್ ಭೂಮಿ ಮೇಲೆ. ಇಬ್ಬರನ್ನೂ ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ಉರಿಯೂತದ ಗುರುತುಗಳು ಜೋರಾಗಿ ಏರಿದ್ದು ಸ್ಕಾಟ್ ಕೆಳಗೆ ಇಳಿದ ಮೇಲೆ. ಉರಿಯೂತ ತೋರಿಸೋ ಪ್ರೋಟೀನುಗಳಾದ ಸಿ.ಆರ್.ಪಿ., ಐ.ಎಲ್.-6 ಎರಡೂ. ಕಾಲು ಊದಿತ್ತು, ಹಾಸಿಗೆ ತಾಗಿದ ಕಡೆಯೆಲ್ಲ ದದ್ದು ಎದ್ದಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಮತ್ತೆ ತೂಕ ಹೊರುವುದೇ ಆ ದೇಹಕ್ಕೆ ಪೆಟ್ಟಾಯ್ತು. ಇನ್ನೊಂದು ಮಾತು ಇದರಷ್ಟೇ ಮುಖ್ಯ: ನಿಲ್ದಾಣದಲ್ಲೇ ಅವರಿಗೆ ಫ್ಲೂ ಲಸಿಕೆ ಹಾಕಿದ್ರು, ಅದಕ್ಕೆ ದೇಹ ಭೂಮಿ ಮೇಲಿನ ಹಾಗೇ ಸ್ಪಂದಿಸಿತು. ಅಂದ್ರೆ ವ್ಯವಸ್ಥೆ ಕೆಟ್ಟು ಹೋಗಿಲ್ಲ.

ಸಾಲಗಾಮೆ ರಸ್ತೆ

ಡಾಕ್ಟ್ರೇ, ಒಂದು ಆಕ್ಷೇಪಣೆ. ದಿನಕ್ಕೆ 16 ಸಲ ಸೂರ್ಯೋದಯ, ನಿದ್ದೆ ಸರಿ ಇಲ್ಲ, ಜೀವ ಅಂಗೈಲಿ ಹಿಡ್ಕೊಂಡು ಕೆಲಸ. ಇದೆಲ್ಲ ಬರೀ ಒತ್ತಡದಿಂದಲೇ ಆಗಿರಬಹುದಲ್ಲ? ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ನೆಲೆಯಲ್ಲಿ ಚಳಿಗಾಲ ಕಳೆಯುವವರಲ್ಲೂ ಪ್ರತಿರಕ್ಷೆ ಏರುಪೇರಾಗುತ್ತೆ ಅಂತ ಓದಿದ್ದೀನಿ. ಅಲ್ಲಿ ಗುರುತ್ವ ಏನೂ ಕಮ್ಮಿ ಇಲ್ಲ. ಹಾಗಿದ್ಮೇಲೆ ಗುರುತ್ವದ ಪಾತ್ರ ಏನು?

ಹೇಮಗಂಗೋತ್ರಿ ಎಂ.ಎಸ್ಸಿ.

ಸಾರ್, ನಾನು ಉತ್ತರ ಹೇಳ್ಲಾ? ಸೆಮಿನಾರಿಗೆ ಇದೇ ವಿಷಯ ತಯಾರಿ ಮಾಡಿದ್ದೆ.

ಒತ್ತಡದ ಪಾತ್ರ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 1983ರಲ್ಲಿ ಶಟಲ್ ಒಳಗಿನ ಪ್ರಯೋಗಾಲಯ ಸ್ಪೇಸ್‌ಲ್ಯಾಬ್-1ರಲ್ಲಿ ಜ್ಯೂರಿಕ್ಕಿನ ವಿಜ್ಞಾನಿ ಆಗಸ್ಟೊ ಕೊಗೋಲಿ ಮನುಷ್ಯರ ಲಿಂಫೊಸೈಟ್ ಕಣಗಳನ್ನ (ಟಿ ಕಣಗಳೂ ಸೇರಿದ ಬಿಳಿ ರಕ್ತಕಣಗಳು) ಬೇರೆ ತೆಗೆದು ಪ್ರಯೋಗಕ್ಕೆ ಕಳಿಸಿದ್ರು. ಅಲ್ಲಿ ಕಣಗಳಿಗೆ ಕಾನ್‌ಕೆನವಾಲಿನ್-ಎ ಅನ್ನೋ ಪ್ರಚೋದಕ ಹಾಕಿದ್ರು. ಭೂಮಿ ಮೇಲೆ ಅದನ್ನ ಹಾಕಿದ್ರೆ ಕಣಗಳು ಎದ್ದು ಬೆಳೀತವೆ. ಮೇಲೆ ಅವುಗಳ ಪ್ರತಿಕ್ರಿಯೆ ಭೂಮಿಯದರ ಶೇ. 3ಕ್ಕಿಂತ ಕಮ್ಮಿ! ಟ್ಯೂಬಿನೊಳಗಿನ ಕಣಕ್ಕೆ ಭಯ ಇಲ್ಲ, ಮನೆ ನೆನಪಿಲ್ಲ, ಕಾರ್ಟಿಸಾಲ್ ಸುರಿಸೋ ಗ್ರಂಥಿ ಇಲ್ಲ. ಆದ್ರೂ ಏಳಲಿಲ್ಲ. ಉಡಾವಣೆಯ ಅದುರುವಿಕೆಯಿಂದ ಹಾಗಾಯ್ತೇನೋ ಅಂತ ಯಾರಾದ್ರೂ ಕೇಳ್ತಾರೆ ಅಂತ 1985ರ ಸ್ಪೇಸ್‌ಲ್ಯಾಬ್ ಡಿ-1ರಲ್ಲಿ ನೌಕೆಯೊಳಗೇ ಸೆಂಟ್ರಿಫ್ಯೂಜ್ (ಗಿರ್ರನೆ ತಿರುಗಿಸೋ ಯಂತ್ರ) ಇಟ್ಟು, ಕೆಲವು ಕಣಗಳಿಗೆ ಕೃತಕವಾಗಿ ಒಂದು ಜಿ, ಅಂದ್ರೆ ಭೂಮಿಯಷ್ಟೇ ಗುರುತ್ವ ಕೊಟ್ಟರು. ತಿರುಗ್ತಿದ್ದ ಕಣಗಳು ಎದ್ದವು, ತೇಲ್ತಿದ್ದವು ಏಳಲಿಲ್ಲ. ನನಗೆ ಇಡೀ ಕ್ಷೇತ್ರದಲ್ಲಿ ಬಹಳ ಇಷ್ಟವಾದ ಪ್ರಯೋಗ ಇದು. ಒಂದೇ ನೌಕೆ, ಒಂದೇ ಪ್ರಯಾಣ, ವ್ಯತ್ಯಾಸ ಗುರುತ್ವದ್ದು ಮಾತ್ರ.

ಸೂಕ್ಷ್ಮಾಣುಗಳನ್ನ ನುಂಗೋ ಮ್ಯಾಕ್ರೊಫೇಜ್ ಕಣಗಳ ಕಥೆ ಇದಕ್ಕೆ ತದ್ವಿರುದ್ಧ. ನಿಲ್ದಾಣದಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೂಕ್ಷ್ಮಾಣು ಕೊಲ್ಲೋಕೆ ಅವು ಬಿಡುಗಡೆ ಮಾಡೋ ಆಕ್ಸಿಜನ್ ರಾಸಾಯನಿಕಗಳು ಮೊದಲು ಕುಸಿದು, 42 ಸೆಕೆಂಡಿನಲ್ಲಿ ಸುಧಾರಿಸಿಕೊಂಡವು. ಹಾಗಾಗಿ ಎಲ್ಲ ಕಣಗಳಿಗೂ ಒಂದೇ ಗತಿ ಅನ್ನುವಂತಿಲ್ಲ.

ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರದು 2023ರಲ್ಲಿ ಇನ್ನೊಂದು ಬಂತು. ಎಂಟು ಜನ ಆರೋಗ್ಯವಂತರನ್ನ ನೀರಿನ ಮೇಲೆ, ಮೈ ಒದ್ದೆ ಆಗದ ಹಾಗೆ ಬಟ್ಟೆ ಹಾಸಿ, 21 ದಿನ ತೇಲಿಸಿದ್ರು. ನೆಲದ ಮೇಲೇ ತೂಕವಿಲ್ಲದ ಸ್ಥಿತಿಗೆ ಹತ್ತಿರದ ಅನುಭವ. ಏಳನೇ, ಹದಿನಾಲ್ಕನೇ ದಿನಕ್ಕೆ ಟಿ ಕಣಗಳಲ್ಲಿ ಜೀನುಗಳ ಚಟುವಟಿಕೆ ಎಷ್ಟು ಬದಲಾಗಿತ್ತು ಅಂದ್ರೆ, ಅವು ಇನ್ನೂ ಯಾವ ಸೋಂಕನ್ನೂ ಕಾಣದ ಎಳೇ ಕಣಗಳ ರೀತಿಗೆ ಸರಿದಿದ್ದವು. 21ನೇ ದಿನಕ್ಕೆ ಬಹುಮಟ್ಟಿಗೆ ಹೊಂದಿಕೊಂಡವು. ಎದ್ದು ಓಡಾಡೋಕೆ ಶುರು ಮಾಡಿದ ಮೇಲೆ ಮತ್ತೆ ಕೆಲವು ಬದಲಾದವು.

ಸಾಲಗಾಮೆ ರಸ್ತೆ

ಆ ಸೆಂಟ್ರಿಫ್ಯೂಜ್ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ. ಒತ್ತಡವೂ ಉಂಟು, ಗುರುತ್ವವೂ ಉಂಟು. ವಿಕಿರಣ?

ಹೇಮಗಂಗೋತ್ರಿ ಎಂ.ಎಸ್ಸಿ.

ಅದೂ ಇದೆ ಸಾರ್. ನಿಲ್ದಾಣ ಭೂಮಿಯ ಕಾಂತವಲಯದ ಒಳಗೇ ಇರೋದ್ರಿಂದ ಸ್ವಲ್ಪ ಬಚಾವ್. ಮಂಗಳಕ್ಕೆ ಹೊರಟರೆ ಆ ರಕ್ಷಣೆಯೂ ಇಲ್ಲ, ಹೋಗಿಬರೋಕೆ ಎರಡೂವರೆ-ಮೂರು ವರ್ಷ. ಇನ್ನೊಂದು ಕಡೆಯಿಂದಲೂ ಯೋಚಿಸಬೇಕು: ನಮ್ಮ ಕಣ ಮಂಕಾದಾಗ ಸೂಕ್ಷ್ಮಾಣು ಸುಮ್ಮನೆ ಕೂತಿರುತ್ತಾ? 2006ರಲ್ಲಿ ಅಟ್ಲಾಂಟಿಸ್ ಶಟಲ್‌ನಲ್ಲಿ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಸಿ ತಂದು ಇಲಿಗಳಿಗೆ ಕೊಟ್ಟಾಗ, ಭೂಮಿ ಮೇಲೆ ಬೆಳೆದದ್ದಕ್ಕಿಂತ ಅದು ಹೆಚ್ಚು ಮಾರಕವಾಗಿತ್ತು.

ಬೇಲೂರು ಗೃಹಿಣಿ

ಕೇಳಬೇಕು ಅನಿಸ್ತು. ನಮ್ಮ ಮನೇಲಿ ಕೋವಿಡ್ ಕಾಲದಿಂದ ಅಮೃತಬಳ್ಳಿ, ಶುಂಠಿ, ಕಾಳುಮೆಣಸಿನ ಕಷಾಯ ಬಿಟ್ಟಿಲ್ಲ. ಗಗನಯಾನದವರಿಗೆ ಇಮ್ಯುನಿಟಿ ಹೆಚ್ಚಿಸೋಕೆ ಇಂಥದ್ದು ಕೊಟ್ಟು ಕಳಿಸಬಹುದಲ್ವಾ?

ವಾರ್ಡ್ ಡಾಕ್ಟ್ರು, ಹಾಸನ

ಮೇಡಂ, ಒಳ್ಳೇ ಮನಸ್ಸಿಂದ ಕೇಳಿದ್ದೀರಿ, ನಾನೂ ಅಷ್ಟೇ ಮನಸ್ಸಿಟ್ಟು ಹೇಳ್ತೀನಿ. "ಇಮ್ಯುನಿಟಿ ಹೆಚ್ಚಿಸೋದು" ಅನ್ನೋ ಗುರಿಯೇ ಇಲ್ಲಿ ಹೊಂದಲ್ಲ. ಕಾಫಿ ಅಣ್ಣ ಹೇಳಿದ ಕಾವಲಿನವನನ್ನ ಎಬ್ಬಿಸಬೇಕು, ನಾಯಿಯನ್ನ ಸುಮ್ಮನಿರಿಸಬೇಕು. ಎಲ್ಲವನ್ನೂ ಒಟ್ಟಿಗೆ ಕೆಣಕೋ ಔಷಧಿ ಕೊಟ್ಟರೆ ಉರಿಯೂತ ಇನ್ನೂ ಏರಬಹುದು. ಭೂಮಿ ಮೇಲೂ ಅಮೃತಬಳ್ಳಿಯನ್ನ ದಿನಾ ತಗೊಂಡು ಲಿವರ್ ಊತ ಬಂದವರ ವರದಿಗಳು ಕೋವಿಡ್ ಸಮಯದಲ್ಲಿ ಭಾರತದ ಆಸ್ಪತ್ರೆಗಳಿಂದಲೇ ಬಂದಿವೆ. ಶುಂಠಿ, ಮೆಣಸು ಅಡುಗೆಯಷ್ಟಕ್ಕೆ ಚಿಂತೆ ಇಲ್ಲ. ಬಳ್ಳಿಯ ಕಷಾಯ ಮಾತ್ರ ವರ್ಷಗಟ್ಟಲೆ ಬೇಡ ಅಂತ ನನ್ನ ಸಲಹೆ.

ಗಗನಯಾತ್ರಿಗಳಿಗೆ ನಿಜಕ್ಕೂ ಕೆಲಸ ಮಾಡಿದ್ದು ಬೇರೆ. ನಿಲ್ದಾಣ ದೊಡ್ಡದಾಯ್ತು, ದಿನಕ್ಕೆ ಎರಡು ಗಂಟೆ ಮೇಲೆ ವ್ಯಾಯಾಮ ಮಾಡೋ ಒಳ್ಳೆ ಸಲಕರಣೆ ಬಂತು, ಸರಕು ನೌಕೆಗಳಲ್ಲಿ ಆಗಾಗ ತಾಜಾ ಹಣ್ಣು ತರಕಾರಿ ಹೋಗೋಕೆ ಶುರುವಾಯ್ತು, ಮನೆಯವರ ಜೊತೆ ಮಾತಾಡೋಕೆ ಅನುಕೂಲ ಆಯ್ತು. ಇತ್ತೀಚಿನ ವರ್ಷಗಳ ಯಾತ್ರಿಗಳಲ್ಲಿ ಒತ್ತಡದ ಹಾರ್ಮೋನು, ವೈರಸ್ ಏಳೋದು ಎರಡೂ ಮೊದಲಿಗಿಂತ ಕಮ್ಮಿ ಅಂತ 2020ರಲ್ಲಿ ನಾಸಾದವರೇ ಬರೆದರು. ಇಷ್ಟು ಸಾದಾ ವಿಷಯಗಳು ಟಿ ಕಣದ ತನಕ ಮುಟ್ಟುತ್ತವೆ ಅನ್ನೋದು ನನಗೆ ಬಹಳ ಸಮಾಧಾನದ ಸುದ್ದಿ. ಯಾಕಂದ್ರೆ ಇವು ನನ್ನ ವಾರ್ಡಿನಲ್ಲಿರೋ ಹಾಸಿಗೆ ಹಿಡಿದವರಿಗೂ ಸಲ್ಲುತ್ತವೆ: ದಿನಾ ಎಬ್ಬಿಸಿ ಕೂರಿಸೋದು, ಕಾಲಾಡಿಸೋದು, ರಾತ್ರಿ ಲೈಟ್ ಆರಿಸೋದು, ಹತ್ತಿರ ಕೂತು ಮಾತಾಡೋದು.

ಲ್ಯಾಬ್ ಅಕ್ಕ, ಅರಸೀಕೆರೆ

ಸ್ವಚ್ಛತೆ ವಿಷಯ ಯಾರೂ ಎತ್ತಲಿಲ್ಲ. 2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯವರು ನಿಲ್ದಾಣದ ಒಳಗಿನ 803 ಜಾಗಗಳಿಂದ ಒರೆಸಿ ತಂದ ಸ್ಯಾಂಪಲ್ ನೋಡಿದ್ರು. ಸಿಕ್ಕಿದ್ದರಲ್ಲಿ ಹೆಚ್ಚಿನವು ಮನುಷ್ಯರ ಚರ್ಮದಿಂದ ಉದುರಿದ ಸೂಕ್ಷ್ಮಾಣುಗಳೇ. ಮಣ್ಣಿನದು, ನೀರಿನದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅತಿಯಾಗಿ ಶುಚಿ ಮಾಡಿರೋದೂ ದದ್ದು, ಅಲರ್ಜಿಗೆ ಒಂದು ಕಾರಣ ಇರಬಹುದು, ಒಳ್ಳೆಯ ಸೂಕ್ಷ್ಮಾಣುಗಳನ್ನ ಬೇಕಂತಲೇ ಒಯ್ಯಬೇಕೇನೋ ಅಂತ ಅವರ ಅಭಿಪ್ರಾಯ.

ಹೆತ್ತೂರು ಕಾಫಿ

ಇದು ನನ್ನ ಅನುಭವಕ್ಕೆ ಹತ್ತಿರ. ಕೊಟ್ಟಿಗೆಯಲ್ಲಿ ಓಡಾಡಿಕೊಂಡು ಬೆಳೆದ ನಮ್ಮ ಅಣ್ಣನ ಮಕ್ಕಳಿಗೆ ಸೀನು ಗೊತ್ತಿಲ್ಲ, ಬೆಂಗಳೂರಿನ ಫ್ಲಾಟಲ್ಲಿ ಬೆಳೆದ ನನ್ನ ಮಗನಿಗೆ ಇನ್‌ಹೇಲರ್ ಬೇಕು. ಇದು ಬರೀ ನಮ್ಮನೆ ಮಾತೋ?

ಹೇಮಗಂಗೋತ್ರಿ ಎಂ.ಎಸ್ಸಿ.

ನಿಮ್ಮನೆ ಮಾತಷ್ಟೇ ಅಲ್ಲ ಅಣ್ಣ. ಅಮೆರಿಕದಲ್ಲಿ ಅಮಿಶ್, ಹಟರೈಟ್ ಅಂತ ಎರಡು ಕೃಷಿ ಸಮುದಾಯ ಇವೆ, ವಂಶಮೂಲ ಹತ್ತಿರ ಹತ್ತಿರ. ಅಮಿಶ್ ಮಕ್ಕಳು ಹಸು ಕುದುರೆ ಜೊತೆ ಬೆಳೀತಾರೆ, ಹಟರೈಟರದು ಯಂತ್ರದ ಬೇಸಾಯ, ಮಕ್ಕಳಿಗೆ ದನಗಳ ಒಡನಾಟ ಕಮ್ಮಿ. 2016ರಲ್ಲಿ ಬಂದ ಅಧ್ಯಯನದಲ್ಲಿ ಆಸ್ತಮಾ ಇದ್ದದ್ದು ಅಮಿಶ್ ಮಕ್ಕಳಲ್ಲಿ ಸುಮಾರು ಶೇ. 5, ಹಟರೈಟ್ ಮಕ್ಕಳಲ್ಲಿ ಶೇ. 21. ಆದ್ರೆ ನಿಮ್ಮ ಮಗನ ಇನ್‌ಹೇಲರ್ ಮಾತ್ರ ಇದನ್ನ ಓದಿ ನಿಲ್ಲಿಸಬೇಡಿ.

ಆಲೂರು ಮೇಷ್ಟ್ರು

ಎಲ್ಲರಿಗೂ ತುಂಬಾ ಧನ್ಯವಾದ. ಪ್ರಿಂಟ್ ತೆಗೆದು ಕ್ಲಾಸಿಗೆ ಒಯ್ತೀನಿ. ಒಂದೇ ಒಂದು ಉಳೀತು: ಗಗನಯಾನದಲ್ಲಿ ಮೂವರು 400 ಕಿ.ಮೀ. ಎತ್ತರಕ್ಕೆ ಮೂರು ದಿನ ಹೋಗೋ ಯೋಜನೆ. ಮೂರೇ ದಿನಕ್ಕೆ ಇದೆಲ್ಲ ಲೆಕ್ಕಕ್ಕೆ ಬರುತ್ತಾ ಅಂತ ಮಕ್ಕಳು ಕೇಳೇ ಕೇಳ್ತಾರೆ.

ವಾರ್ಡ್ ಡಾಕ್ಟ್ರು, ಹಾಸನ

ಬರುತ್ತೆ ಮೇಷ್ಟ್ರೇ. 2021ರ ಸೆಪ್ಟೆಂಬರಿನಲ್ಲಿ ಇನ್‌ಸ್ಪಿರೇಷನ್-4 ಅಂತ ನಾಲ್ಕು ಜನ ಸಾಮಾನ್ಯ ನಾಗರಿಕರು ಹೋಗಿದ್ದು ಮೂರೇ ದಿನ. 2024ರಲ್ಲಿ ಬಂದ ಅವರ ಫಲಿತಾಂಶಗಳಲ್ಲಿ ಪ್ರತಿರಕ್ಷಾ ಕಣಗಳ ಜೀನ್ ಚಟುವಟಿಕೆ, ಸೈಟೊಕೈನ್ ಎರಡೂ ಬದಲಾಗಿದ್ದು ಕಂಡಿತು. ಬಹುಪಾಲು ಕೆಲವೇ ತಿಂಗಳಲ್ಲಿ ಮೊದಲಿನ ಹಾಗಾಯ್ತು. ನಿಲ್ದಾಣದಲ್ಲಿ ಅರ್ಧ ವರ್ಷ ಇದ್ದ 14 ಜನರನ್ನ ನೋಡಿದ ಕೆನಡಾದವರ 2023ರ ವರದಿಯಲ್ಲೂ ಅಷ್ಟೇ: ಬಿಳಿ ರಕ್ತಕಣಗಳಲ್ಲಿ ಚಟುವಟಿಕೆ ತಗ್ಗಿದ ಜೀನುಗಳಲ್ಲಿ ಹೆಚ್ಚಿನವು ವರ್ಷದೊಳಗೆ, ಸಾಮಾನ್ಯವಾಗಿ ಇಳಿದ ಕೆಲವೇ ವಾರಗಳಲ್ಲಿ ಚೇತರಿಸಿಕೊಂಡವು. ಇಳಿದ ಹೊಸದರಲ್ಲೇ ಹೆಚ್ಚು ಜೋಪಾನ ಬೇಕು. ಹಾರತುರಾಯಿ ಹಾಕೋಕೆ ನೂರಾರು ಜನ ಮುತ್ತೋ ಹೊತ್ತು ಅದೇ.

ಚನ್ನರಾಯಪಟ್ಟಣದ ಸೊಸೆ

ಡಾಕ್ಟ್ರೇ, ಕೊನೇದಾಗಿ ನನ್ನದೊಂದು. ಒಮ್ಮೆ ಸರ್ಪಸುತ್ತು ಆದವರಿಗೆ ಮತ್ತೆ ಆಗುತ್ತಾ? ಲಸಿಕೆ ಇದೆ ಅಂತಾರೆ, ಅತ್ತೆಗೆ ಈಗ ಹಾಕಿಸಬಹುದಾ?

ವಾರ್ಡ್ ಡಾಕ್ಟ್ರು, ಹಾಸನ

ಮತ್ತೆ ಆಗಬಹುದು ಅಮ್ಮ. ಲಸಿಕೆ ಇದೆ, 2023ರಿಂದ ನಮ್ಮ ದೇಶದಲ್ಲೂ ಸಿಗ್ತಿದೆ. 50 ವರ್ಷ ದಾಟಿದವರಿಗೆ, ಒಮ್ಮೆ ಆಗಿದ್ದವರಿಗೂ ಹಾಕಬಹುದು. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಜೀವಂತ ವೈರಸ್ ಇಲ್ಲದ ಲಸಿಕೆ. ಬೆಲೆ ಜಾಸ್ತಿ ಇದೆ, ಮೊದಲೇ ವಿಚಾರಿಸಿಕೊಳ್ಳಿ. ಹಳೇ ನೋವಿಗೆ ಲಸಿಕೆ ಕೆಲಸ ಮಾಡಲ್ಲ, ಅದಕ್ಕೆ ನರದ ನೋವಿನ ಮಾತ್ರೆ ಬೇರೆ ಇವೆ. ಅತ್ತೆಯವರ ಬಿ.ಪಿ., ಶುಗರ್ ಚೀಟಿ, ಈಗ ತಗೊಳ್ತಿರೋ ಮಾತ್ರೆಗಳ ಪಟ್ಟಿ ತಗೊಂಡು ನಿಮ್ಮ ಡಾಕ್ಟ್ರನ್ನ ಒಮ್ಮೆ ಕಾಣಿ.